ಬಿಸಿಗಾಳಿಯ ನಡುವೆ ಬಾದಾಮಿ: ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ:
ಡಾಕ್ಟರ್ ಮೇಡಂ, ನಮಸ್ಕಾರ. ನಾವು ಬೆಂಗಳೂರಿನವರು. ಈ ಶನಿವಾರ, ಭಾನುವಾರ ಬಾದಾಮಿಗೆ ಹೊರಟಿದ್ದೇವೆ. ರೈಲು ಟಿಕೆಟ್, ರೂಮು ಎಲ್ಲ ಬುಕ್ ಆಗಿದೆ. ಈಗ ನೋಡಿದರೆ ಅಲ್ಲಿ 41, 42 ಡಿಗ್ರಿ ಬಿಸಿಲು. ಅಪ್ಪನಿಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ, ಬಿಪಿಯೂ ಇದೆ. ಬಿಪಿ ಮಾತ್ರೆಗಳಲ್ಲಿ ಒಂದು ಮೂತ್ರ ಜಾಸ್ತಿ ಹೋಗುವಂಥದ್ದು. ಪಾದ ಜೋಮು ಹಿಡಿದ ಹಾಗಿರುತ್ತದೆ ಎನ್ನುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು, ಆದರೆ ಚಾಲುಕ್ಯರ ಊರನ್ನು ಒಮ್ಮೆಯೂ ನೋಡಿಲ್ಲ. ಮಗಳಿಗೆ 6 ವರ್ಷ. ರದ್ದು ಮಾಡಬೇಕಾ?

ಡಾಕ್ಟರ್:
ನಮಸ್ಕಾರ. ನಾನು ಇರುವುದು ಬಾಗಲಕೋಟೆ ಜಿಲ್ಲೆಯಲ್ಲೇ, ಈ ಬಿಸಿಲು ಗೊತ್ತಿದೆ. ಈ ವಾರ ತಂದೆಯವರಿಗೆ ಜ್ವರ, ಭೇದಿ ಏನಾದರೂ ಬಂದಿದ್ದರೆ ಯೋಚನೆಯೇ ಬೇಡ, ರದ್ದು ಮಾಡಿ. ಹಾಗೇನಿಲ್ಲ ಎಂದರೆ ಬನ್ನಿ. ಆದರೆ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ರೂಮಿನಿಂದ ಹೊರಗೆ ಕಾಲಿಡಬಾರದು. ಇದಕ್ಕೆ ಒಪ್ಪದಿದ್ದರೆ ಮಳೆ ಬಿದ್ದ ಮೇಲೆ ಬನ್ನಿ.

ಯಾಕೆ ಇಷ್ಟು ಹೇಳುತ್ತೇನೆ ಎಂದರೆ, ಏಪ್ರಿಲ್ ಕೊನೆಯಲ್ಲಿ ನಮ್ಮಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಗೋಡೆಯ ಪಕ್ಕ ನಿಂತರೂ ನೆರಳು ಸಿಗುವುದಿಲ್ಲ. ಊರಿನ ಎರಡೂ ಕಡೆ ಕೆಂಪು ಮರಳುಗಲ್ಲಿನ ಗುಡ್ಡ. ಹಗಲೆಲ್ಲ ಕಾದ ಆ ಕಲ್ಲು ಹೊತ್ತು ಮುಳುಗಿದ ಮೇಲೂ ಬಿಸಿ ಕಾರುತ್ತಲೇ ಇರುತ್ತದೆ. ಸಂಜೆ ತಂಪಾಗಿರುತ್ತದೆ ಎಂದುಕೊಂಡು ಬಂದವರೇ ಸುಸ್ತಾಗಿ ಕೂರುವುದು. ಹತ್ತುವ ಕೆಲಸ ಏನಿದ್ದರೂ ಬೆಳಿಗ್ಗೆಯೇ ಮುಗಿಸಿ. ಇನ್ನೊಂದು, ಬೆಂಗಳೂರಿನ ಮೈಗೆ ಈ ಸೆಕೆ ಒಗ್ಗಲು ಒಂದೆರಡು ವಾರವಾದರೂ ಬೇಕು. ನಿಮಗಿರುವುದು ಎರಡೇ ದಿನ.

ಗುಹೆಗಳು ದಕ್ಷಿಣದ ಗುಡ್ಡದಲ್ಲಿ ಉತ್ತರಕ್ಕೆ ಮುಖ ಮಾಡಿವೆ, ಒಳಗೆ ಹೋದರೆ ನೆರಳು. ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರಿ. ಪ್ರತಿ ಗುಹೆಯಲ್ಲೂ ಹತ್ತು ನಿಮಿಷ ಕೂತು ಮುಂದಕ್ಕೆ ಹತ್ತಿ. ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶ ಕೆತ್ತಿಸಿದ 578ರ ಶಾಸನವಿದೆ. ತಂದೆಯವರು ಅಲ್ಲಿ ಎಷ್ಟು ಹೊತ್ತು ಬೇಕಾದರೂ ಇರಲಿ. ಉತ್ತರದ ಕೋಟೆ ಮಾತ್ರ ಈ ಸಲ ಬೇಡ, ಮೇಲೆಲ್ಲ ಬಯಲು. ಕಪ್ಪೆ ಅರಭಟ್ಟನ ಶಾಸನವನ್ನೂ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಕನ್ನಡದ ಹಳೆಯ ತ್ರಿಪದಿ ಅಲ್ಲಿದೆ, ಅದನ್ನು ಬಿಡಿ ಎನ್ನಲು ನನಗೇ ಬೇಜಾರು. ಭೂತನಾಥ ಗುಡಿ ಅಗಸ್ತ್ಯ ತೀರ್ಥದ ದಂಡೆಯಲ್ಲೇ ಇದೆ. ಭಾನುವಾರ ಸೂರ್ಯ ಹುಟ್ಟುವಾಗ ಹೋಗಿ.

ನನಗೆ ನಿಜವಾಗಿ ಚಿಂತೆ ಇರುವುದು ಅವರ ಪಾದದ ಬಗ್ಗೆ. ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ಸುಟ್ಟರೂ ಗೊತ್ತಾಗುವುದಿಲ್ಲ. ಕಾದ ಕಲ್ಲಿನ ಮೇಲೆ ನಾವು ಕುಣಿಯುತ್ತಾ ಓಡುತ್ತೇವೆ, ಅವರು ನಿಧಾನವಾಗಿ ನಡೆದುಕೊಂಡು ಬರುತ್ತಾರೆ. ರಾತ್ರಿ ನೋಡಿದರೆ ಅಂಗಾಲಿನ ತುಂಬ ಬೊಬ್ಬೆ. ದೇವಸ್ಥಾನ ಸುತ್ತಿ ಹೀಗೆ ಮಾಡಿಕೊಂಡವರು ಪ್ರತಿ ಬೇಸಿಗೆಯಲ್ಲೂ ನನ್ನ ಹತ್ತಿರ ಬರುತ್ತಾರೆ. ಆ ಗಾಯ ಮಾಯಲು ಎಷ್ಟೋ ವಾರ ಹಿಡಿಯುತ್ತದೆ, ಕೆಲವರಿಗೆ ಕೀವಾಗಿ ಬೆರಳನ್ನೇ ತೆಗೆಯಬೇಕಾಗುತ್ತದೆ. ಬನಶಂಕರಿಗೆ ಹೋದರೆ ಬೆಳಗಿನ ಪೂಜೆಯ ಹೊತ್ತಿಗೆ ಹೋಗಿ. ಚಪ್ಪಲಿ ಬಿಡುವ ಕಡೆಯೆಲ್ಲ ದಪ್ಪ ಸಾಕ್ಸ್ ಹಾಕಿಸಿ. ರಾತ್ರಿ ಮಲಗುವ ಮುಂಚೆ ಅವರ ಅಂಗಾಲು, ಬೆರಳ ಸಂದು ನೀವೇ ನೋಡಿ. ಅವರನ್ನು ಕೇಳಿದರೆ ಏನಿಲ್ಲ ಎನ್ನುತ್ತಾರೆ.

ನೀರಿನ ಬಾಟಲಿ ಕೈಯಲ್ಲಿ ಹಿಡಿಯಬೇಡಿ, ಬ್ಯಾಗಿನೊಳಗೆ ಇಡಿ. ಗುಹೆಗಳ ಹತ್ತಿರ ಕೋತಿಗಳು ಕಿತ್ತುಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಮೇಡಂ. ಆ ಮೂತ್ರದ ಮಾತ್ರೆ ಎರಡು ದಿನ ನಿಲ್ಲಿಸಿದರೆ ಒಳ್ಳೆಯದಲ್ವಾ? ಓಆರ್‌ಎಸ್ ಕೊಡಬಹುದಾ?

ಡಾಕ್ಟರ್:
ನೀವಾಗಿ ನಿಲ್ಲಿಸಬೇಡಿ. ಆ ಮಾತ್ರೆ ಬಿಪಿಗೆ ಮಾತ್ರ ಕೊಟ್ಟಿದ್ದಾರೋ, ಹೃದಯಕ್ಕೋ ಎನ್ನುವುದು ಅವರ ಡಾಕ್ಟರಿಗೆ ಗೊತ್ತು. ಇವತ್ತೇ ಫೋನ್ ಮಾಡಿ, ಇಂಥ ಊರಿಗೆ ಹೋಗುತ್ತಿದ್ದೇವೆ ಎಂದು ಕೇಳಿ. ದಿನಕ್ಕೆ ಎಷ್ಟು ನೀರು ಕುಡಿಯಬಹುದು ಎಂದೂ ಅವರನ್ನೇ ಕೇಳಿ. ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಎರಡೂ ಇವೆ. ತಂದೆಯವರು ಸುಮ್ನೆ ನೀರಿನ ಬದಲು ಅದನ್ನು ಕುಡಿಯುವುದು ಬೇಡ. ನೀರು, ತೆಳು ಮಜ್ಜಿಗೆ ಸಾಕು. ಬಾಯಾರುವವರೆಗೆ ಕಾಯದೆ ಆಗಾಗ ಕೊಡಿ, ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಇನ್ಸುಲಿನ್ ಇದ್ದರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಮಗುವನ್ನಂತೂ ಒಂದು ನಿಮಿಷಕ್ಕೂ ಬಿಡಬೇಡಿ.

ಇನ್ನೊಬ್ಬ ಸದಸ್ಯೆ:
ಮೇಡಂ, ಬರೀ ಸುಸ್ತೋ, ಬಿಸಿಲು ಬಡಿದಿದೆಯೋ ಎಂದು ನಮಗೆ ಹೇಗೆ ಗೊತ್ತಾಗುತ್ತದೆ?

ಡಾಕ್ಟರ್:
ಮಾತು ಗಮನಿಸಿ. ತಲೆನೋವು, ವಾಕರಿಕೆ, ಬೆವರು, ಸುಸ್ತು ಇದ್ದು ಮಾತು ಸರಿಯಾಗಿದ್ದರೆ ನೆರಳಿಗೆ ಕರೆದುಕೊಂಡು ಹೋಗಿ, ಮಲಗಿಸಿ, ನೀರು ಕುಡಿಸಿ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಆಸ್ಪತ್ರೆಗೆ ಹೋಗಿ. ಮೈ ಕೆಂಡದ ಹಾಗೆ ಸುಡುತ್ತಿದ್ದು, ಏನೇನೋ ಮಾತಾಡುತ್ತಿದ್ದರೆ, ತೂರಾಡುತ್ತಿದ್ದರೆ, ಅದು ಹೀಟ್ ಸ್ಟ್ರೋಕ್. ಬೆವರು ಇದ್ದರೂ ಅದೇ ಎಂದು ತಿಳಿಯಿರಿ. ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಮೈ ಮೇಲೆ ನೀರು ಸುರಿದು ಗಾಳಿ ಹಾಕಿ. ಐಸ್ ಸಿಕ್ಕರೆ ಕುತ್ತಿಗೆ, ಕಂಕುಳು, ತೊಡೆ ಸಂದಿಗೆ ಇಡಿ. ಆಂಬುಲೆನ್ಸ್ ಬರಲಿ ಎಂದು ಸುಮ್ನೆ ಕಾಯಬೇಡಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ ಕೇಳಿದವರು (ಸೋಮವಾರ):
ಹೋಗಿ ಬಂದೆವು ಮೇಡಂ. ಅಪ್ಪ ಮೂರನೇ ಗುಹೆಯಲ್ಲಿ ಮುಕ್ಕಾಲು ಗಂಟೆ ಕೂತಿದ್ದರು, ಮೊಮ್ಮಗಳಿಗೆ ಒಂದೊಂದೇ ಕಂಬ ತೋರಿಸಿದರು. ಮಧ್ಯಾಹ್ನ ಎಲ್ಲರೂ ನಿದ್ದೆ. ಬನಶಂಕರಿಯಲ್ಲಿ ಸಾಕ್ಸ್ ಹಾಕಿಸಿದ್ದೆ. ಆದರೂ ರಾತ್ರಿ ನೋಡಿದಾಗ ಎಡಗಾಲಿನ ಹೆಬ್ಬೆರಳ ಕೆಳಗೆ ಕಾಳಿನಷ್ಟು ಬೊಬ್ಬೆ ಕಂಡಿತು. ಅವರಿಗೆ ಗೊತ್ತೇ ಆಗಿಲ್ಲ.

ಡಾಕ್ಟರ್:
ನೋಡಿದ್ದು ಒಳ್ಳೆಯದಾಯಿತು. ಒಡೆಯಬೇಡಿ, ಅರಿಶಿನ, ಪೇಸ್ಟ್ ಏನೂ ಹಚ್ಚಬೇಡಿ. ಒಣ ಬಟ್ಟೆ ಸಡಿಲವಾಗಿ ಕಟ್ಟಿ, ಇವತ್ತೇ ಅವರ ಡಾಕ್ಟರಿಗೆ ತೋರಿಸಿ. ಏನು ಹೇಳಿದರು ಎಂದು ಇಲ್ಲಿ ಬರೆಯಿರಿ.