ಸಹಾಯ ಬೇಕು: ಉಪ್ಪು-ಮೈದಾ ನಕ್ಷತ್ರಗಳು ಮಳೆಗಾಲದಲ್ಲಿ ಮೆತ್ತಗಾಗ್ತಿವೆ

ಬಾಗಿಲಿಗೆ ನೇತುಹಾಕೋ ನಕ್ಷತ್ರಗಳಿಗೆ 2 ಕಪ್ ಮೈದಾ, 1 ಕಪ್ ಪುಡಿ ಉಪ್ಪು, ಮುಕ್ಕಾಲು ಕಪ್ ನೀರು. 10 ನಿಮಿಷ ನಾದಿ, 5 ಮಿಲಿಮೀಟರ್ ದಪ್ಪ ಲಟ್ಟಿಸಿ, ದಾರಕ್ಕೆ ಸ್ಟ್ರಾದಿಂದ ತೂತು ಮಾಡಿದೀನಿ. ಓವನ್ 120 ಡಿಗ್ರಿ ಇದ್ದಾಗ ಮೇಲ್ಗಡೆ ಬೇಗ ಒಣಗಿ ಕುಗ್ಗಿ, ಅಂಚು ಮೇಲೇಳ್ತಿತ್ತು. 90ಕ್ಕೆ ಇಳಿಸಿ, ಅರ್ಧ ಗಂಟೆಗೊಮ್ಮೆ ಮಗುಚಿ, 3 ಗಂಟೆ ಇಟ್ಟೆ. ಡೊಂಕು ಹೋಯ್ತು, ಅಷ್ಟು ಸಮಾಧಾನ.

ಈಗಿನ ಕಷ್ಟ ತೇವದ್ದು. ಉಪ್ಪು ಗಾಳಿಯ ತೇವ ಎಳ್ಕೊಳ್ಳುತ್ತೆ, ಅದಕ್ಕೆ ವಾರ್ನಿಷ್ ಬೇಕೇ ಬೇಕು. ಒಂದೇ ಬದಿಗೆ ಹಚ್ಚಿದವು ಹಿಂದಿನಿಂದ ಮೆತ್ತಗಾದವು. ಎರಡೂ ಬದಿ, ತೂತಿನೊಳಗೂ ಹಚ್ಚಿದವುಗಳಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಒಳಗೆ ಹಸಿ ಉಳಿದಿತ್ತು ಅನ್ಸುತ್ತೆ, ಮುಟ್ಟಿದ್ರೆ ಮಾತ್ರ ಕಲ್ಲಿನಂಗೆ ಗಟ್ಟಿ.

ವಾರ್ನಿಷ್ ಹಚ್ಚೋ ಮುಂಚೆ ನಡುಭಾಗ ಪೂರ್ತಿ ಒಣಗಿದೆ ಅಂತ ಒಡೆಯದೇ ತಿಳ್ಕೊಳ್ಳೋದು ಹೇಗೆ? ತೂಕ ನೋಡೋದಾದ್ರೆ, ಎಷ್ಟು ಹೊತ್ತಿಗೊಮ್ಮೆ ತೂಗಬೇಕು?