ಮಗಳ ತಲೆಯಲ್ಲಿ ಮೂರನೇ ಸಲ ಹೇನು, ಜಡೆ ಕತ್ತರಿಸಬೇಕಾ? ಅನುಭವ ಇದ್ದವರು ಹೇಳಿ

ಇಬ್ಬರು ಮಕ್ಕಳ ಅಮ್ಮ, ರಾಜಾಜಿನಗರ: ಮಗಳಿಗೆ ಎಂಟು ವರ್ಷ. ಸೊಂಟದವರೆಗೆ ಜಡೆ. ದಸರಾ ರಜೆಯಿಂದ ಈಚೆಗೆ ಇದು ಮೂರನೇ ಸಲ. ಸ್ಕೂಲ್ ಡೈರಿಯಲ್ಲೂ ಬರೆದು ಕಳಿಸಿದ್ದಾರೆ. ನಮ್ಮ ಯಜಮಾನರು ಬಾಬ್ ಕಟ್ ಮಾಡಿಸು ಅನ್ನುತ್ತಾರೆ. ಅವಳು ಭರತನಾಟ್ಯ ಕಲಿಯುತ್ತಿದ್ದಾಳೆ, ಜಡೆ ಬೇಕು. ಕತ್ತರಿಸಲೇಬೇಕಾ?

ಕೆಂಗೇರಿಯವಳು: ನಾನು ಕತ್ತರಿಸಿಬಿಟ್ಟೆ. ಇವತ್ತಿಗೂ ಸಂಕಟ. ಮಗಳು ಕನ್ನಡಿ ಮುಂದೆ ನಿಂತು, ಜಡೆ ಮುಂದಕ್ಕೆ ಹಾಕಿಕೊಳ್ಳಲು ಕೈ ಹಿಂದೆ ಒಯ್ದಳು. ಕೈಗೆ ಏನೂ ಸಿಗಲಿಲ್ಲ. ಪಾರ್ಲರ್‌ಗೆ 350. ಆಮೇಲೆ ಹೊದಿಕೆ, ದಿಂಬಿನ ಕವರ್, ಪರದೆ ಎಲ್ಲ ಒಗೆದೆ. ಅದು 2024ರ ಬೇಸಿಗೆ, ನಮ್ಮ ಬೋರ್ ಬತ್ತಿತ್ತು. ಟ್ಯಾಂಕರ್‌ಗೆ 1,800. ಎರಡು ಹಾಸಿಗೆ ಬಿಸಾಕಿ ಹೊಸದು ತಂದದ್ದಕ್ಕೆ 14,000. ಹದಿನೈದು ದಿನಕ್ಕೆ ಮತ್ತೆ ಕೆರೆತ ಶುರು. ಬುಡದ ಹತ್ತಿರದ ಸೀರು ಹಾಗೇ ಇತ್ತು.

ಔಷಧಿ ಅಂಗಡಿಯವನು, ಯಲಹಂಕ: ಹಾಸಿಗೆ ಬಿಸಾಕುವ ಅಗತ್ಯವೇ ಇರಲಿಲ್ಲ ಮೇಡಂ. ತಲೆಯಿಂದ ಕೆಳಗೆ ಬಿದ್ದ ಹೇನು ರಕ್ತ ಸಿಗದೆ ಒಂದೆರಡು ದಿನದಲ್ಲಿ ಸಾಯುತ್ತದೆ. ಅದು ಹಾರಲ್ಲ, ನೆಗೆಯಲ್ಲ. ತಲೆಗೆ ತಲೆ ತಾಗಿದಾಗ ಹತ್ತುತ್ತದೆ. ಬಟ್ಟೆಯ ಹೊಲಿಗೆಯಲ್ಲಿ ಮೊಟ್ಟೆ ಇಡುವುದು ಕೂರೆ, ಅದು ಬೇರೆ. ಟೈಫಸ್ ಜ್ವರ ಕೂರೆಯಿಂದ ಹರಡುತ್ತದೆ ಅಂತ 1909ರಲ್ಲಿ ತೋರಿಸಿದ ಫ್ರಾನ್ಸಿನ ವಿಜ್ಞಾನಿ ಶಾರ್ಲ್ ನಿಕೋಲ್‌ಗೆ 1928ರ ನೊಬೆಲ್ ಬಂತು. ಜನ ಆ ಭಯವನ್ನೆಲ್ಲ ತಲೆ ಹೇನಿಗೆ ಅಂಟಿಸುತ್ತಾರೆ. ನನ್ನ ಮಗನಿಗೆ ಆದಾಗ 1% ಪರ್ಮೆಥ್ರಿನ್ ಅನ್ನುವ ಹೇನಿನ ಔಷಧಿ ಹಚ್ಚಿ 10 ನಿಮಿಷಕ್ಕೆ ತೊಳೆದೆ. ಅದು ಸೀರನ್ನು ಪೂರ್ತಿ ಕೊಲ್ಲಲ್ಲ. ಸೀರು ಒಡೆಯಲು ವಾರ, ಹತ್ತು ದಿನ ಬೇಕು. ಅದಕ್ಕೇ ಒಂಬತ್ತನೇ ದಿನ ಮತ್ತೆ ಹಚ್ಚಿದೆ. ಎಷ್ಟೋ ಜನ ಎರಡನೇ ಸಲ ಹಚ್ಚುವುದೇ ಇಲ್ಲ.

ಕೆಂಗೇರಿಯವಳು: ಎಲ್ಲ ಬಿಸಿನೀರಲ್ಲಿ ಒಗೆಯಿರಿ, ಹಾಸಿಗೆ ಇಟ್ಟುಕೊಳ್ಳಬೇಡಿ ಅಂತ ನನಗೆ ಹೇಳಿದ್ದೂ ಒಬ್ಬ ಔಷಧಿ ಅಂಗಡಿಯವರೇ. ದುಡ್ಡು ಹೋದ ಮೇಲೆ ಬುದ್ಧಿ ಹೇಳಬೇಡಿ.

ಗಿರಿನಗರದ ಅಜ್ಜಿ: ನಾಲ್ಕು ಹೆಣ್ಣುಮಕ್ಕಳನ್ನು ಬೆಳೆಸಿದವಳು ನಾನು. ಸೀತಾಫಲದ ಬೀಜ ಪುಡಿ ಮಾಡಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದೆ. ಒಂದು ಹೇನೂ ಉಳಿಯುತ್ತಿರಲಿಲ್ಲ.

ಬನಶಂಕರಿ ಅಪ್ಪ: ಅಜ್ಜಿ, ದಯವಿಟ್ಟು ಅದನ್ನು ಹೇಳಿಕೊಡಬೇಡಿ. ನನ್ನ ತಂಗಿಯ ಕಣ್ಣಿಗೆ ಅದೇ ಪುಡಿ ಬಿತ್ತು. ರಾತ್ರಿಯಿಡೀ ಕಣ್ಣು ಬಿಡಲಾಗದೆ ಅತ್ತಳು. ಕರಿಗುಡ್ಡೆಯ ಮೇಲಿನ ಪೊರೆ ಕಿತ್ತುಹೋಗಿದೆ ಅಂದರು ಡಾಕ್ಟರ್. ಆಟೋ, ಹನಿ ಔಷಧಿ, ಮೂರು ಸಲದ ಫೀಸು ಸೇರಿ 4,200. ಒಂದು ವಾರ ಕತ್ತಲೆ ರೂಮಿನಲ್ಲಿ ಕೂತಿದ್ದಳು.

ಗಿರಿನಗರದ ಅಜ್ಜಿ: ಹಣೆಗೆ ಬಟ್ಟೆ ಕಟ್ಟಿ ಹಚ್ಚಬೇಕಪ್ಪ. ನಿಮ್ಮ ಅಜಾಗ್ರತೆಗೆ ಬೀಜ ಏನು ಮಾಡೀತು?

ಬನಶಂಕರಿ ಅಪ್ಪ: ಹಚ್ಚಿದ್ದು ನಮ್ಮಮ್ಮ. ಬಟ್ಟೆಯನ್ನೂ ಕಟ್ಟಿದ್ದರು. ತೊಳೆಯುವಾಗ ನೀರು ಇಳಿಯಿತು. ಅಮ್ಮನನ್ನು ಅಜಾಗ್ರತೆಯವರು ಅನ್ನಬೇಡಿ.

ಪಿಜಿ ಹುಡುಗಿ, ಬಿಟಿಎಂ: ನಾನು ಔಷಧಿಯೇ ಇಲ್ಲದೆ ಗೆದ್ದೆ. ಒದ್ದೆ ಕೂದಲಿಗೆ ಕಂಡೀಷನರ್ ಮೆತ್ತಿ, ಸ್ಟೀಲ್ ಸೀರಣಿಗೆಯಲ್ಲಿ ಬುಡದಿಂದ ತುದಿಗೆ ಎಳೆಯಬೇಕು. ಪ್ರತಿ ಸಲ ಬಿಳಿ ಟಿಶ್ಯೂಗೆ ಒರೆಸಿ ನೋಡಬೇಕು. ಎಳ್ಳಿನಷ್ಟು ಕಂದು ಹೇನು, ಕಂಡೀಷನರ್‌ನಲ್ಲಿ ಸಿಕ್ಕಿಕೊಂಡು ನಿಧಾನಕ್ಕೆ ಕಾಲಾಡಿಸುತ್ತಿರುತ್ತದೆ. ಮೊದಲ ದಿನ 43. ನಾಲ್ಕನೇ ದಿನ 12. ಎಂಟನೇ ದಿನ 5, ಎಲ್ಲ ಸಣ್ಣ ಮರಿ. ಹದಿನೇಳನೇ ದಿನ ಒಂದೂ ಇಲ್ಲ. ಪ್ರತಿ ಸಲ 40 ನಿಮಿಷ, ಬೆನ್ನು ಬಿದ್ದುಹೋಗುತ್ತಿತ್ತು. ಒಂದು ದಿನವೂ ತಪ್ಪಿಸಲಿಲ್ಲ. ಹೆಣ್ಣು ಹೇನು ದಿನಕ್ಕೆ ಆರೆಂಟು ಮೊಟ್ಟೆ ಇಡುತ್ತದೆ, ಸುಮ್ನೆ ಬಿಟ್ಟರೆ ಅಷ್ಟೇ.

ವಿಜಯನಗರ: ನಮ್ಮನೆಗೆ ಬಂದದ್ದು ಕೆಲಸದವಳ ಮಗಳಿಂದ. ಅವರಿಗೆ ಸ್ವಚ್ಛತೆ ಅನ್ನುವುದೇ ಇಲ್ಲ. ಮಗುವನ್ನು ಕರೆದುಕೊಂಡು ಬರಬೇಡ ಅಂದೆ, ನಿಂತಿತು.

ಪಿಜಿ ಹುಡುಗಿ, ಬಿಟಿಎಂ: ಯಾರ ತಲೆಯಿಂದ ಯಾರಿಗೆ ಹತ್ತಿತು ಅಂತ ನಿಮಗೆ ಹೇಗೆ ಗೊತ್ತು? ನಾನು ದಿನ ಬಿಟ್ಟು ದಿನ ತಲೆಸ್ನಾನ ಮಾಡುವವಳು, ನನಗೂ ಬಂತು. ತೊಳೆದ ತಲೆ, ತೊಳೆಯದ ತಲೆ ಎರಡೂ ಹೇನಿಗೆ ಒಂದೇ. ನಮ್ಮಮ್ಮ ನಾಲ್ಕು ಮನೆ ಕೆಲಸ ಮಾಡಿ ನನ್ನನ್ನು ಓದಿಸಿದ್ದು. ಪ್ರತಿ ಭಾನುವಾರ ಬಾಗಿಲ ಬೆಳಕಲ್ಲಿ ಕೂರಿಸಿಕೊಂಡು ಉಗುರಿನಿಂದ ಒಂದೊಂದೇ ಸೀರು ಎಳೆಯುತ್ತಿದ್ದರು.

ವಿಜಯನಗರ: ನಾನು ನಿಮ್ಮಮ್ಮನ ಬಗ್ಗೆ ಹೇಳಿಲ್ಲ.

ಪಿಜಿ ಹುಡುಗಿ, ಬಿಟಿಎಂ: ನಮ್ಮಮ್ಮನಂಥವರ ಬಗ್ಗೆಯೇ ಹೇಳಿದ್ದೀರಿ.

ಕೆಂಗೇರಿಯವಳು: ಆ ಮಗು ಎಲ್ಲಿ ಕೂತಿರುತ್ತೆ ಈಗ, ಗೇಟಿನ ಹೊರಗಾ?

ವಿಜಯನಗರ: ನನ್ನ ಮನೆ, ನನ್ನಿಷ್ಟ.

ಇಬ್ಬರು ಮಕ್ಕಳ ಅಮ್ಮ, ರಾಜಾಜಿನಗರ: ನಾನು ಕೇಳಿದ್ದು ಜಡೆ ಕತ್ತರಿಸಬೇಕಾ ಅಂತ. ಈಗ ಲೈಟ್ ಹಾಕಿ ನೋಡಿದೆ. ಕಿವಿಯ ಹಿಂದೆ, ಕತ್ತಿನ ಹತ್ತಿರವೇ ಜಾಸ್ತಿ. ಮಗನ ತಲೆಯಲ್ಲೂ ಇದೆ. ಅವನ ಕೂದಲು ಒಂದಿಂಚೂ ಇಲ್ಲ.

ಕೆಂಗೇರಿಯವಳು: ಹಾಗಾದರೆ ಜಡೆ ಮುಟ್ಟಬೇಡಿ. ಇವತ್ತೇ ನಿಮ್ಮ ತಲೆ, ಯಜಮಾನರ ತಲೆ ಎರಡೂ ನೋಡಿಸಿ.