ಸಹಾಯ ಬೇಕು: ಹುಬ್ಬಳ್ಳಿ-ಧಾರವಾಡದಲ್ಲಿ ಜೊತೆ ಹುಡುಕುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಊರು ಶಿಗ್ಗಾವಿ, ವಯಸ್ಸು 38. ನಮ್ಮಲ್ಲಿ 2023ರ ಮೇ ತಿಂಗಳಲ್ಲಿ ವಿಧಾನಸಭೆ, 2024ರ ಮೇ ತಿಂಗಳಲ್ಲಿ ಲೋಕಸಭೆ, ಅದೇ ನವೆಂಬರ್‌ನಲ್ಲಿ ಉಪಚುನಾವಣೆ. ಒಂದೂವರೆ ವರ್ಷದಲ್ಲಿ ಮೂರು ಸಲ ಬೆರಳಿಗೆ ಶಾಯಿ. ನಿಜಕ್ಕೂ ಸಾಕಾಗಿಹೋಯಿತು. ಪಕ್ಷದ ಜಗಳದಲ್ಲಿ ಇಬ್ಬರು ಹಳೇ ಗೆಳೆಯರು ಮಾತು ಬಿಟ್ಟರು.

ಪ್ರಚಾರಕ್ಕೆ ಬಂದವರು 'ಮನೆಯಲ್ಲಿ ಎಷ್ಟು ವೋಟು?' ಎಂದು ಕೇಳುತ್ತಿದ್ದರು. ಒಂದೇ ಎನ್ನುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಒಂದೇ. ಆ ಮಾತು ಈಗಲೂ ಚುಚ್ಚುತ್ತದೆ. ಚುನಾವಣೆ ಮುಗಿದ ಮೇಲೆ ಬಾಗಿಲು ಬಡಿಯುವವರೂ ಇಲ್ಲ.

ಈಗ ಕೆಲಸಕ್ಕಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಸಂಜೆ ಉಣಕಲ್ ಕೆರೆ ದಂಡೆಯಲ್ಲಿ ಸುಮ್ನೆ ನಡೆಯುತ್ತೇನೆ. ಮದುವೆ ಆಗುವ ಆಸೆ ಇದೆ. ಆದರೆ ಹೆಣ್ಣು ತೋರಿಸುವವರು ಹೊಲ ಎಷ್ಟು ಎಕರೆ, ಸರ್ಕಾರಿ ನೌಕರಿಯಾ ಎಂದೇ ಶುರು ಮಾಡುತ್ತಾರೆ. ನನಗೆ ಮೊದಲು ಮನಸ್ಸು ಬಿಚ್ಚಿ ಮಾತಾಡುವವರು ಬೇಕು. ಎರಡನೇ ಮದುವೆಯವರಾದರೂ ಸರಿ.

ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಕಾರ್ಯಕ್ರಮಗಳಿಗೆ ಒಬ್ಬನೇ ಹೋದರೆ ಜನ ಪರಿಚಯ ಆಗುತ್ತಾರಾ? ಬೆಳಿಗ್ಗೆ ನೃಪತುಂಗ ಬೆಟ್ಟಕ್ಕೆ ಹೋಗುವ ಗುಂಪು ಇದೆಯಾ? ಈ ವಯಸ್ಸಿನಲ್ಲಿ ಜೊತೆ ಸಿಕ್ಕವರು ಇಲ್ಲಿದ್ದರೆ, ಹೇಗೆ ಶುರು ಮಾಡಿದಿರಿ ಅಂತ ದಯವಿಟ್ಟು ಹೇಳಿ. ರಾಜಕೀಯದ ಮಾತು ಮಾತ್ರ ಬೇಡ.